ಕಾಠ್ಮಂಡು ವಿಮಾನ ಹತ್ತೋ ಮುನ್ನ: ಆಧಾರ್ ಸಾಕಾಗಲ್ಲ, ವೋಟರ್ ಐಡಿ ಇರಲಿ

ಪಶುಪತಿನಾಥನ ದರ್ಶನಕ್ಕೆ ನೇಪಾಳದ ರಾಜಧಾನಿ ಕಾಠ್ಮಂಡುಗೆ ವಿಮಾನದಲ್ಲಿ ಹೋಗುವವರು ಟಿಕೆಟ್ ಬುಕ್ ಮಾಡೋ ಮೊದಲೇ ದಾಖಲೆ ಸರಿಯಿದೆಯಾ ಅಂತ ನೋಡಿಕೊಳ್ಳಬೇಕು.

ದಾಖಲೆ: ಭಾರತೀಯರಿಗೆ ವೀಸಾ ಬೇಡ. ಆದರೆ ವಯಸ್ಕರ ಬಳಿ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ವೋಟರ್ ಐಡಿ ಇರಲೇಬೇಕು. ಬರೀ ಆಧಾರ್ ನಂಬಿ ಹೋದರೆ ಏರ್‌ಪೋರ್ಟ್‌ನಿಂದಲೇ ವಾಪಸ್ ಬರಬೇಕಾದೀತು, ಟಿಕೆಟ್ ದುಡ್ಡೂ ಹೋದೀತು. 65 ದಾಟಿದ ಹಿರಿಯರು, 15 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಆಧಾರ್ ನಡೆಯುತ್ತೆ. ಒರಿಜಿನಲ್ ಕಾರ್ಡನ್ನೇ ಒಯ್ಯಿರಿ. ಇನಿಷಿಯಲ್ ಸೇರಿ ಹೆಸರು ಕಾರ್ಡ್‌ನಲ್ಲಿ ಇದ್ದಂತೆಯೇ ಟಿಕೆಟ್‌ನಲ್ಲೂ ಇರಲಿ.

ಹಣ: ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ. ಅಂಗಡಿಯಲ್ಲಿ ರೇಟ್ ಹೇಳಿದಾಗ ಯಾವ ದೇಶದ ರೂಪಾಯಿ ಅಂತ ಮೊದಲು ಕೇಳಿ. ಚಿಲ್ಲರೆಗೆ 100ರ ನೋಟು ಜಾಸ್ತಿ ಇಟ್ಟುಕೊಳ್ಳಿ.

ಸಮಯ: ಗಡಿಯಾರ ನಮಗಿಂತ 15 ನಿಮಿಷ ಮುಂದೆ. ವಾಪಸ್ ವಿಮಾನಕ್ಕೆ ಅಲ್ಲಿನ ಟೈಮ್ ನೋಡಿಕೊಂಡೇ ಹೊರಡಿ.

ದೇವಸ್ಥಾನ: ತ್ರಿಭುವನ್ ಏರ್‌ಪೋರ್ಟ್‌ಗೆ ಹತ್ತಿರದಲ್ಲೇ ಇದೆ. ಮೂಲ ಗುಡಿಯೊಳಗೆ ಫೋಟೋ ತೆಗೆಯೋ ಹಾಗಿಲ್ಲ. ಅಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ದಕ್ಷಿಣ ಭಾರತದವರು, ಅವರಲ್ಲಿ ಕರ್ನಾಟಕದವರೂ ಇದ್ದಾರೆ. ಶಿವರಾತ್ರಿಗೆ ಭಾರೀ ಜನ ಸೇರ್ತಾರೆ. ವಯಸ್ಸಾದವರ ಜೊತೆ ಹೋಗೋರು ಬೇರೆ ದಿನ ನೋಡಿಕೊಳ್ಳೋದು ಒಳ್ಳೇದು.