ಪದ ಪರಿಚಯ: ನಿರ್ದೇಶಕ

ಸಂಸ್ಕೃತದ 'ದಿಶ್' ಧಾತುವಿಗೆ 'ತೋರು' ಎಂದರ್ಥ. ದಿಕ್ಕು, ಆದೇಶ, ಉಪದೇಶ ಎಲ್ಲವೂ ಅದೇ ಕುಲದವು. 'ನಿರ್' ಸೇರಿದಾಗ ಖಚಿತವಾಗಿ ಬೆಟ್ಟು ಮಾಡಿ ತೋರುವವನು ನಿರ್ದೇಶಕ. ಇಲಾಖೆಗೂ ಬ್ಯಾಂಕಿನ ಮಂಡಳಿಗೂ ನಿರ್ದೇಶಕರಿದ್ದಾರೆ, ಆದರೆ ಈ ಮಾತಿಗೆ ಜನರ ಬಾಯಲ್ಲಿ ತೂಕ ಬಂದದ್ದು ಸಿನಿಮಾದಿಂದ.

ತಮಿಳುನಾಡಿನ ಕಂಬಂ ಕಣಿವೆಯ ಉತ್ತಮಪಾಳಯಂ ಸುತ್ತಿನಲ್ಲಿ ಮನೆಯೊಳಗೆ ಕನ್ನಡವಾಡುವ ಕಾಪಿಲಿಯರ ಊರುಗಳಿವೆ. ಅಲ್ಲಿನ ಬೀದಿಯಲ್ಲಿ ನಿರ್ದೇಶಕನಿಗಿರುವ ಮಾತು ತಮಿಳಿನ 'ಇಯಕ್ಕುನರ್': ಇಯಕ್ಕು ಎಂದರೆ ಚಲಿಸುವಂತೆ ಮಾಡು. ಒಬ್ಬ ತೋರುವವನು, ಇನ್ನೊಬ್ಬ ನಡೆಸುವವನು. ಚಲನಚಿತ್ರಕ್ಕೆ ತಮಿಳಿನ ಪದವೇ ಹೆಚ್ಚು ಒಪ್ಪುತ್ತದೆಂದು ನನಗನಿಸುತ್ತದೆ.

ಈ ಎರಡೂ ಪದಗಳು ಒಂದು ಗುರುಪರಂಪರೆಯಲ್ಲಿ ಕೂಡಿವೆ. ನಿರ್ದೇಶಕ ಬಿ.ಆರ್. ಪಂತುಲು ಅವರಲ್ಲಿ ಪಳಗಿದವರು 'ಗೆಜ್ಜೆಪೂಜೆ', 'ನಾಗರಹಾವು' ಚಿತ್ರಗಳನ್ನು ಕೊಟ್ಟ ಪುಟ್ಟಣ್ಣ ಕಣಗಾಲ್. ಪುಟ್ಟಣ್ಣನವರ ಬಳಿ ಸಹಾಯಕರಾಗಿದ್ದವರು ತೇನಿಯ ಅಲ್ಲಿನಗರದ ಭಾರತಿರಾಜ. 1977ರಲ್ಲಿ '16 ವಯದಿನಿಲೇ' ಮೂಲಕ ಅವರು ತಮಿಳು ಕ್ಯಾಮೆರಾವನ್ನು ಸ್ಟುಡಿಯೋದ ಗೋಡೆಯಾಚೆ ಹಳ್ಳಿಗೆ ಹೊರಡಿಸಿದರು. ಸಂಗೀತ ಉತ್ತಮಪಾಳಯಂ ತಾಲ್ಲೂಕಿನ ಪಣ್ಣೈಪುರದ ಇಳಯರಾಜ ಅವರದು. ಹೆಣ್ಣಿನ ಮನಸ್ಸನ್ನು ಕಥೆಯ ನಡುವೆ ನಿಲ್ಲಿಸುವ ಪುಟ್ಟಣ್ಣನವರ ಪಾಠ ಆ ಚಿತ್ರದ ನಾಯಕಿ ಮಯಿಲ್ ಪಾತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಭಿಮಾನಿಗಳು ಪುಟ್ಟಣ್ಣನವರನ್ನು 'ಚಿತ್ರಬ್ರಹ್ಮ' ಎಂದರು, ಭಾರತಿರಾಜರನ್ನು 'ಇಯಕ್ಕುನರ್ ಇಮಯಂ', ಅಂದರೆ ನಿರ್ದೇಶಕರಲ್ಲಿ ಹಿಮಾಲಯ, ಎಂದರು.