ಎಂಜಿನ್ ತಪಾಸಣೆಯಲ್ಲಿ ನಿರ್ವಾತ ಮಾಪಕ: ಇತಿಹಾಸ

ಮುಚ್ಚಿದ ಕೊಳವೆಯೊಳಗಿನ ಒತ್ತಡವು ಹೊರಗಿನ ವಾಯುಭಾರಕ್ಕಿಂತ ಎಷ್ಟು ಕಡಿಮೆಯಿದೆ ಎಂಬುದನ್ನು ಪಾದರಸದ ಅಂಗುಲ ಇಲ್ಲವೆ ಮಿಲಿಮೀಟರುಗಳಲ್ಲಿ ತೋರಿಸುವ ಉಪಕರಣವೇ ನಿರ್ವಾತ ಮಾಪಕ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಮಿಶ್ರಣವನ್ನು ಸಿಲಿಂಡರುಗಳಿಗೆ ಹಂಚುವ ಕೊಳವೆಗೆ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿಗೆ, ಇದನ್ನು ಜೋಡಿಸಿದರೆ ಎಂಜಿನ್ ಬಿಚ್ಚದೆಯೇ ವಾಲ್ವ್, ಪಿಸ್ಟನ್ ರಿಂಗ್, ಗ್ಯಾಸ್ಕೆಟ್ ಮುಂತಾದವುಗಳ ಸ್ಥಿತಿಯನ್ನು ಅಂದಾಜು ಮಾಡಬಹುದು. ಈ ವಿಧಾನದ ಅಂಕಿಗಳನ್ನು ಹಲವು ಕೈಪಿಡಿಗಳು ಎಲ್ಲ ಊರಿಗೂ ಎಲ್ಲ ಬಗೆಯ ಎಂಜಿನ್ನಿಗೂ ಒಂದೇ ಎಂಬಂತೆ ಕೊಟ್ಟಿರುವುದರಿಂದ, ಬೆಳಗಾವಿಯಂಥ ಎತ್ತರದ ಊರಿನಲ್ಲಿ ಮತ್ತು ಕರಾವಳಿಯ ದೋಣಿಗಳಲ್ಲಿ ಅದನ್ನು ಅನ್ವಯಿಸುವಾಗ ಗೊಂದಲಗಳು ಉಂಟಾಗುತ್ತವೆ.

ಆರಂಭ. ಜೇಮ್ಸ್ ವಾಟ್ 1769ರಲ್ಲಿ ಪೇಟೆಂಟ್ ಪಡೆದ ಪ್ರತ್ಯೇಕ ಕಂಡೆನ್ಸರ್, ಉಗಿಯನ್ನು ತಣಿಸಿ ನಿರ್ವಾತ ಉಂಟುಮಾಡುವ ಭಾಗವಾಗಿದ್ದು, ಅದರ ನಿರ್ವಾತ ಕುಸಿದರೆ ಎಂಜಿನ್ನಿನ ಬಲವೂ ಕುಸಿಯುತ್ತಿತ್ತು. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಬಾಗಿದ ಲೋಹದ ಕೊಳವೆಯ ಮಾಪಕವು ಪಾದರಸದ ಗಾಜಿನ ನಳಿಗೆಯ ಅಗತ್ಯವನ್ನು ತಪ್ಪಿಸಿತು. ಹೊಯ್ದಾಡುವ ಹಡಗಿನಲ್ಲೂ ಓದಬಹುದಾಗಿದ್ದ ಈ ಮಾಪಕ ಉಗಿಹಡಗುಗಳ ಎಂಜಿನ್ ಕೋಣೆಯಲ್ಲಿ ಕಂಡೆನ್ಸರಿನ ಸ್ಥಿತಿಯನ್ನು ತಿಳಿಸುವ ಸಾಧನವಾಯಿತು.

ರೈಲ್ವೆಯಲ್ಲಿ. ಇಂದಿನ ಖಾನಾಪುರ ತಾಲ್ಲೂಕಿನ ಲೋಂಡಾದಿಂದ ಕ್ಯಾಸಲ್‌ರಾಕ್ ಮೂಲಕ ಗೋವೆಗೆ ಇಳಿಯುವ ರೈಲುಮಾರ್ಗ 1880ರ ದಶಕದ ಕೊನೆಗೆ ಸಿದ್ಧವಾಯಿತು. ಅದರ ಘಟ್ಟಭಾಗದಲ್ಲಿ ಪ್ರತಿ 37 ಅಡಿಗೆ ಒಂದು ಅಡಿಯಷ್ಟು ಕಡಿದಾದ ಇಳಿಜಾರು ಇದೆ. ಮೀಟರ್‌ಗೇಜ್ ಕಾಲದ ನಿರ್ವಾತ ಬ್ರೇಕಿನಲ್ಲಿ ಗಾಡಿಯುದ್ದದ ಕೊಳವೆಯೊಳಗೆ ನಿರ್ವಾತ ಇರುವವರೆಗೆ ಬ್ರೇಕು ಸಡಿಲವಾಗಿರುತ್ತಿತ್ತು, ಗಾಳಿ ಒಳನುಗ್ಗಿದರೆ ಬಿಗಿಯಾಗುತ್ತಿತ್ತು. ಎಂಜಿನ್ನಿನ ಮಾಪಕಕ್ಕೂ ಗಾರ್ಡಿನ ಡಬ್ಬಿಯ ಮಾಪಕಕ್ಕೂ ಹೆಚ್ಚು ಅಂತರ ಕಂಡರೆ ನಡುವೆ ಎಲ್ಲೋ ಸೋರಿಕೆ ಇದೆ ಎಂದು ಊಹಿಸಬಹುದಾಗಿತ್ತು. 1990ರ ದಶಕದ ಬ್ರಾಡ್‌ಗೇಜ್ ಪರಿವರ್ತನೆಯೊಂದಿಗೆ ಈ ಮಾರ್ಗದ ಮೀಟರ್‌ಗೇಜ್ ಯುಗ ಮುಗಿಯಿತು.

ಪೆಟ್ರೋಲ್ ಎಂಜಿನ್ನುಗಳಲ್ಲಿ. ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ವಾಹನಗಳ ಗ್ಯಾರೇಜುಗಳಲ್ಲಿ ಬೇರೂರಿದ ಈ ತಪಾಸಣೆ, ವಾಹನದ ಎಂಜಿನ್ನುಗಳನ್ನೇ ಮಾರ್ಪಡಿಸಿ ಬಳಸಿದ ಇನ್‌ಬೋರ್ಡ್ ಪೆಟ್ರೋಲ್ ದೋಣಿಗಳಿಗೂ ಸಹಜವಾಗಿ ಒಗ್ಗಿತು. ಸಮುದ್ರಮಟ್ಟದಲ್ಲಿ, ಬಿಸಿಯಾದ ಆರೋಗ್ಯವಂತ ಎಂಜಿನ್ ಐಡ್ಲಿಂಗಿನಲ್ಲಿರುವಾಗ ಮುಳ್ಳು 17ರಿಂದ 22 ಅಂಗುಲಗಳ ನಡುವೆ ಅಲುಗಾಡದೆ ನಿಲ್ಲುತ್ತದೆ. ಸುಟ್ಟ ವಾಲ್ವ್ ಇದ್ದರೆ ಅದೇ ಸಿಲಿಂಡರಿನ ಸರದಿ ಬಂದಾಗಲೆಲ್ಲ ಮುಳ್ಳು ತಾಳಬದ್ಧವಾಗಿ ಕೆಳಕ್ಕೆ ಜಿಗಿಯುತ್ತದೆ. ಸವೆದ ವಾಲ್ವ್ ಗೈಡುಗಳಿಂದ ವೇಗವಾಗಿ ನಡುಗುತ್ತದೆ. ವೇಗ ಹೆಚ್ಚಿಸಿ ಹಿಡಿದಾಗ ನಿಧಾನವಾಗಿ ಇಳಿಯುತ್ತಲೇ ಹೋದರೆ ಸೈಲೆನ್ಸರ್ ಕಟ್ಟಿಕೊಂಡಿರುವ ಸಂಭವವಿದೆ. ಗಾಳಿಯ ಹಾದಿಯನ್ನು ತೆರೆದು ಮುಚ್ಚುವ ಥ್ರಾಟಲನ್ನು ಥಟ್ಟನೆ ತೆರೆದು ಬಿಟ್ಟರೆ ಮುಳ್ಳು ಸೊನ್ನೆಯ ಸಮೀಪಕ್ಕೆ ಬಿದ್ದು ಸುಮಾರು 25ಕ್ಕೆ ಏರಿ ಮರಳುತ್ತದೆ. ಆ ಏರಿಕೆ ಮಂದವಾಗಿದ್ದರೆ ರಿಂಗುಗಳನ್ನು ಪರೀಕ್ಷಿಸಬೇಕಾಗುತ್ತದೆ.

ಎತ್ತರದ ಪ್ರಶ್ನೆ. ಈ ಅಂಕಿಗಳು ಬೆಳಗಾವಿಗೆ ಹಾಗೆಯೇ ಹೊಂದುವುದಿಲ್ಲ. ಸಾಂಬ್ರಾ ವಿಮಾನ ನಿಲ್ದಾಣದ ಎತ್ತರ ಸುಮಾರು 758 ಮೀಟರ್. ಸಮುದ್ರಮಟ್ಟದಲ್ಲಿ 760 ಮಿಲಿಮೀಟರ್ ಇರುವ ವಾಯುಭಾರ ಇಲ್ಲಿ ಸರಾಸರಿ 695ರ ಆಸುಪಾಸಿಗೆ ಇಳಿಯುತ್ತದೆ. ಪ್ರತಿ 1,000 ಅಡಿಗೆ ಒಂದು ಅಂಗುಲ ಕಳೆಯಬೇಕೆಂಬ ರೂಢಿಯ ಲೆಕ್ಕದಂತೆ, ಕಾರವಾರದಲ್ಲಿ 19 ಅಂಗುಲ ತೋರಿಸುವ ಎಂಜಿನ್ ಬೆಳಗಾವಿಯಲ್ಲಿ ಯಾವ ದೋಷವೂ ಇಲ್ಲದೆ ಸುಮಾರು 16.5 ಅಂಗುಲ ತೋರಿಸುತ್ತದೆ. ಮುದ್ರಿತ ಕೋಷ್ಟಕವನ್ನೇ ನಂಬಿದ ಮೆಕ್ಯಾನಿಕ್ ಇದನ್ನು ಕಿಡಿ ತಡವಾಗುತ್ತಿರುವ ಲಕ್ಷಣವೆಂದು ಬಗೆದು, ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿಯಂಥ ಕಾರ್ಬ್ಯುರೇಟರ್ ವಾಹನದ ಇಗ್ನಿಷನ್ ಟೈಮಿಂಗನ್ನು ಮುಂದಕ್ಕೆ ತಿರುಗಿಸಿದರೆ, ಇಲ್ಲದ ದೋಷದ ಬದಲು ನಾಕಿಂಗ್ ತಲೆದೋರಬಹುದು. ಎತ್ತರದಿಂದ ಬದಲಾಗುವುದು ಮುಳ್ಳು ನಿಲ್ಲುವ ಮಟ್ಟವೇ ಹೊರತು ಅದರ ಚಲನೆಯ ರೀತಿಯಲ್ಲ. ಜಿಗಿತ, ನಡುಕಗಳ ಅರ್ಥ ಘಟ್ಟದ ಮೇಲೂ ಕೆಳಗೂ ಒಂದೇ ಆಗಿರುತ್ತದೆ.

ಡೀಸೆಲ್ ಮತ್ತು ಔಟ್‌ಬೋರ್ಡ್. ಮಲ್ಪೆ, ತದಡಿ, ಕಾರವಾರಗಳ ಟ್ರಾಲ್ ದೋಣಿಗಳಲ್ಲಿರುವುದು ಡೀಸೆಲ್ ಎಂಜಿನ್. ಅದರ ಬಲವನ್ನು ನಿಯಂತ್ರಿಸುವುದು ಇಂಧನದ ಪ್ರಮಾಣ. ಗಾಳಿಯನ್ನು ತಡೆಯುವ ಥ್ರಾಟಲ್ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಅಳೆಯತಕ್ಕ ನಿರ್ವಾತವೂ ಮ್ಯಾನಿಫೋಲ್ಡಿನಲ್ಲಿ ಉಂಟಾಗುವುದಿಲ್ಲ. ಪರ್ಕಿನ್ಸ್ ಪಿ6ರಂಥ ಹಳೆಯ ಎಂಜಿನ್ನುಗಳ ನ್ಯೂಮ್ಯಾಟಿಕ್ ಗವರ್ನರ್, ಗಾಳಿಯ ಹಾದಿಯಲ್ಲಿನ ಕವಾಟದಿಂದ ಹುಟ್ಟುವ ನಿರ್ವಾತದಿಂದಲೇ ಇಂಧನವನ್ನು ಹತೋಟಿಯಲ್ಲಿಡುವುದರಿಂದ, ಇದಕ್ಕೆ ಅಪವಾದ. ಉಳಿದ ಡೀಸೆಲ್ ಎಂಜಿನ್ನುಗಳಲ್ಲಿ ಮಾಪಕವನ್ನು ಇಂಧನ ಹೀರುವ ಕೊಳವೆಗೆ ಇಲ್ಲವೆ ಗಾಳಿ ಶೋಧಕದ ನಂತರದ ಭಾಗಕ್ಕೆ ಜೋಡಿಸುತ್ತಾರೆ. ಅಲ್ಲಿ ಹೆಚ್ಚಿನ ನಿರ್ವಾತವು ಫಿಲ್ಟರ್ ಕಟ್ಟಿಕೊಂಡಿರುವುದನ್ನು ಸೂಚಿಸುತ್ತದೆ. ನಾಡದೋಣಿಗಳ ಸೀಮೆಎಣ್ಣೆ ಔಟ್‌ಬೋರ್ಡುಗಳಲ್ಲಿ ಸಾಮಾನ್ಯವಾದ ಎರಡು ಸ್ಟ್ರೋಕಿನ ಎಂಜಿನ್ ಮಿಶ್ರಣವನ್ನು ಕ್ರ್ಯಾಂಕ್‌ಕೇಸ್ ಮೂಲಕ ಹೀರುವುದರಿಂದ, ನಾಲ್ಕು ಸ್ಟ್ರೋಕಿನ ಕೋಷ್ಟಕ ಅದಕ್ಕೂ ಒಗ್ಗುವುದಿಲ್ಲ.

ಸೆನ್ಸರ್ ಕಾಲ. ಇಂಧನ ಇಂಜೆಕ್ಷನ್ ಬಂದ ಮೇಲೆ ಅನೇಕ ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡಿನ ಒತ್ತಡವನ್ನು ಸೆನ್ಸರ್ ಅಳೆಯುತ್ತದೆ. ಅದು ತಿಳಿಸುವುದು ಹೊರಗಿನ ವಾಯುಭಾರಕ್ಕಿರುವ ಅಂತರವನ್ನಲ್ಲ, ಪರಿಪೂರ್ಣ ನಿರ್ವಾತದಿಂದ ಲೆಕ್ಕಹಾಕಿದ ನಿರಪೇಕ್ಷ ಒತ್ತಡವನ್ನು. ಆದ್ದರಿಂದ ಎಂಜಿನ್ ಚಾಲೂ ಮಾಡುವ ಮೊದಲು ಸ್ಕ್ಯಾನರಿನಲ್ಲಿ ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪಾಸ್ಕಲ್, ಬೆಳಗಾವಿಯಲ್ಲಿ 92ರಿಂದ 93 ಕಿಲೋಪಾಸ್ಕಲ್ ಕಾಣುತ್ತದೆ. ಹಳೆಯ ಮಾಪಕಕ್ಕೆ ಮನಸ್ಸಿನಲ್ಲೇ ಮಾಡಿಕೊಳ್ಳಬೇಕಾಗಿದ್ದ ಎತ್ತರದ ತಿದ್ದುಪಡಿಗೆ ಬೇಕಾದ ಅಂಕಿ ಇಲ್ಲಿ ತಾನಾಗಿಯೇ ದೊರೆಯುತ್ತದೆ. ಆದರೆ ಒಂದೇ ವಾಲ್ವಿನ ದೋಷದಿಂದಾಗುವ ಕ್ಷಣಿಕ ಏರಿಳಿತವನ್ನು ನಿಧಾನಗತಿಯ ಸ್ಕ್ಯಾನರ್ ಹಿಡಿಯದೆ ಹೋಗಬಹುದಾದ್ದರಿಂದ, ಮುಳ್ಳಿನ ಮಾಪಕದ ಬಳಕೆ ಪೂರ್ತಿ ನಿಂತಿಲ್ಲ.