ಎಸೆಯುವ ಲೋಟ ಹುಟ್ಟಿದ್ದು ಹೇಗೆ?

ಅಮೆರಿಕದ ರೈಲುಗಳಲ್ಲಿ, ಶಾಲೆಗಳಲ್ಲಿ ಒಂದು ಕಾಲಕ್ಕೆ ಕುಡಿಯುವ ನೀರಿನ ಪಕ್ಕದಲ್ಲಿ ಎಲ್ಲರಿಗೂ ಸೇರಿ ಒಂದೇ ತಗಡಿನ ಲೋಟ ತೂಗುತ್ತಿತ್ತು. ಕ್ಷಯರೋಗಿ ಕುಡಿದಿಟ್ಟದ್ದನ್ನು ಮರುಕ್ಷಣ ಮಗುವೊಂದು ಬಾಯಿಗಿಡುತ್ತಿತ್ತು, ನಡುವೆ ತೊಳೆಯುವವರಿಲ್ಲ. (ಎತ್ತಿ ಕುಡಿಯುವ ಅಭ್ಯಾಸವಿದ್ದ ಕನ್ನಡದ ಅಜ್ಜಿಯರು ಕಂಡಿದ್ದರೆ ಹೌಹಾರುತ್ತಿದ್ದರು.) ಕಾನ್ಸಾಸ್ ರಾಜ್ಯದ ಆರೋಗ್ಯಾಧಿಕಾರಿ ಸ್ಯಾಮ್ಯುಯೆಲ್ ಕ್ರಂಬೈನ್ ಹಟ ಹಿಡಿದರು. 1909ರಲ್ಲಿ ಅಲ್ಲಿ ಸಾರ್ವಜನಿಕ ಲೋಟಕ್ಕೆ ನಿಷೇಧ ಬಿತ್ತು.

ಬಾಸ್ಟನ್ನಿನ ಲಾರೆನ್ಸ್ ಲುಯೆಲೆನ್ ಆ ಹೊತ್ತಿಗಾಗಲೇ ಕಾಗದದ ಲೋಟ ರೂಪಿಸಿದ್ದರು. 'ಹೆಲ್ತ್ ಕಪ್' ಎಂದು ಮಾರಾಟವಾದ ಅದು 1919ರಲ್ಲಿ 'ಡಿಕ್ಸಿ ಕಪ್' ಆಯಿತು. ಕುಡಿ, ಎಸೆ, ರೋಗದ ಭಯವಿಲ್ಲ.

ಆದರೆ ಬರಿಯ ಕಾಗದದಲ್ಲಿ ನೀರು ನಿಲ್ಲದು. ಮೊದಮೊದಲು ಮೇಣ ಸವರಿದರು. ಬಳಿಕ ಪಾಲಿಎಥಿಲೀನಿನ ತೆಳು ಪೊರೆ ಬಂತು. ಮದುವೆ ಮನೆಯ ಇಂದಿನ 'ಪೇಪರ್ ಕಪ್' ಬಹುಮಟ್ಟಿಗೆ ಇದೇ. ಪೊರೆ ಬಿಡಿಸುವುದು ಕಷ್ಟವಾದ್ದರಿಂದ ರದ್ದಿಯಲ್ಲೂ ಅದಕ್ಕೆ ಬೆಲೆಯಿಲ್ಲ. ಭಾರತ 2022ರ ಜುಲೈ 1ರಿಂದ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ ನಿಷೇಧಿಸಿದ ಮೇಲೂ ಈ ಪೊರೆಯ ತೊಡಕು ಉಳಿದೇ ಇದೆ.

ಜರ್ಮನಿಯ ಉತ್ಸವಗಳಲ್ಲಿ, ಬಾರುಗಳಲ್ಲಿ ಹಳೆಯ ತಗಡಿನ ಲೋಟದ ಕ್ರಮವೇ ಮರಳಿದೆ, ಬಿಸಿನೀರಿನ ಯಂತ್ರದ ಜೊತೆಗೆ. ಠೇವಣಿಯಿಟ್ಟು ಗಟ್ಟಿ ಲೋಟ ಪಡೆಯಬೇಕು, ಹಿಂದಿರುಗಿಸಿದರೆ ಹಣ ವಾಪಸು. ಲೋಟ ಹಲವು ಬಾರಿ ಮರಳಿ ಬಂದರಷ್ಟೇ ಪರಿಸರಕ್ಕೆ ಲಾಭ. ಅದಕ್ಕೇ ಅದರ ಮೇಲೆ ಉತ್ಸವದ ಹೆಸರು, ಚಿತ್ರ ಮುದ್ರಿಸುವುದು ಜಾಣತನವಲ್ಲ. ಜನ ಠೇವಣಿ ಬಿಟ್ಟು ಲೋಟವನ್ನೇ ನೆನಪಿನ ಕಾಣಿಕೆಯಾಗಿ ಮನೆಗೊಯ್ಯುತ್ತಾರೆ.